ಕಾಯಿಹಾಲಿನ ಪೇಡೆ, ಒಂದು ತೊಟ್ಟು ತುಪ್ಪ

ನಮ್ಮ ಅಡುಗೆಮನೆಯಲ್ಲಿ ಎರಡು ಗೂಡುಗಳಿದ್ದವು. ಬಾಗಿಲಿನ ಪಕ್ಕದ್ದು ಎಲ್ಲರದು, ಕಿಟಕಿಯ ಪಕ್ಕದ್ದು ನನ್ನ ತಂಗಿ ಸುಮಿಯದು. ಸುಮಿಯ ಗೂಡಿನಲ್ಲಿ ಒಂದು ಬಾಣಲೆ, ಎರಡು ಅಲ್ಯೂಮಿನಿಯಂ ಪಾತ್ರೆ, ಒಂದು ತಟ್ಟೆ, ಒಂದು ಜಾಲರಿ, ಹಿಡಿಗೆ ಕೆಂಪು ದಾರ ಸುತ್ತಿದ ಒಂದು ಸೌಟು, ತಿಂಡಿ ತುಂಬಿಡುವ ಒಂದು ಡಬ್ಬಿ, ಇಷ್ಟೇ ಇದ್ದದ್ದು. ಅವುಗಳನ್ನು ಮುಟ್ಟುವ ಮುಂಚೆ ಕೈಯನ್ನು ಸೀಗೆಪುಡಿ ಹಾಕಿ ತೊಳೆಯಬೇಕಿತ್ತು. ಹಾಲು ಕಾಸಿದ ಪಾತ್ರೆಯನ್ನು ಆ ಕಡೆ ಇಡುವ ಹಾಗಿರಲಿಲ್ಲ. ಮಜ್ಜಿಗೆ ಕಡೆದವರು ಸೀರೆ ಬದಲಾಯಿಸದೆ ಸುಮಿಯನ್ನು ಎತ್ತಿಕೊಳ್ಳುವ ಹಾಗೂ ಇರಲಿಲ್ಲ. ಅವಳು ಎಂಟು ತಿಂಗಳ ಕೂಸಾಗಿದ್ದಾಗ ಒಳಲೆಯಲ್ಲಿ ಎರಡು ಗುಟುಕು ಹಸುವಿನ ಹಾಲು ಕುಡಿಸಿದ್ದಕ್ಕೆ ಮುಖವೆಲ್ಲ ಊದಿಕೊಂಡು, ಕಣ್ಣು ಮುಚ್ಚಿಹೋಗಿ, ಉಸಿರು ಸಿಕ್ಕದೆ ನೀಲಿಯಾಗಿದ್ದಳಂತೆ. ಹಾಲಿನದು ಯಾವುದೂ ಇವಳ ಬಾಯಿಗೆ ಹೋಗಕೂಡದು, ಮೊಸರು ಬೇಡ, ಬೆಣ್ಣೆ ಬೇಡ, ತುಪ್ಪವೂ ಬೇಡ ಎಂದು ಪೇಟೆಯ ಡಾಕ್ಟರು ಹೇಳಿ ಕಳಿಸಿದ್ದರು. ಅದಾದ ಮೇಲೆ ಅಮ್ಮ ಆ ಎರಡನೇ ಗೂಡು ಮಾಡಿಸಿದಳು.

ನಾವಿದ್ದದ್ದು ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಹಾಕುವವರು, ಕುಯ್ಲಿನ ತೂಕ ಹಿಡಿಯುವವರು. ಕಾಫಿ ಒಣಗಿಸುವ ಕಣಕ್ಕೆ ಅಂಟಿಕೊಂಡಂತೆ ನಮ್ಮ ಕ್ವಾರ್ಟರ್ಸು. ಮೂರು ಕೋಣೆ, ಶೀಟಿನ ಮಾಡು. ಕುಯ್ಲಿನ ತಿಂಗಳುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದಿಗೆ ಗೋಡೆಯಲ್ಲಿ ನೇತುಹಾಕಿದ ಜರಡಿ ಅದುರುತ್ತಿತ್ತು. ಮೂರನೇ ಕೋಣೆಯ ಮೂಲೆಯಲ್ಲಿ ದೇವರು, ಅದರ ಎದುರಿಗೆ ಅಜ್ಜಿಯ ಚಾಪೆ. ಅಜ್ಜಿ ಅಪ್ಪನ ತಾಯಿ. ಹಿತ್ತಿಲ ಕೊಟ್ಟಿಗೆಯ ಹಸು ಅವರದ್ದು, ಹಾಲು ಕರೆಯುವುದೂ ಬೆಣ್ಣೆ ತೆಗೆಯುವುದೂ ತುಪ್ಪ ಕಾಸುವುದೂ ಅವರೇ. ಎಸ್ಟೇಟಿನ ಸಾಹುಕಾರರ ಬಂಗಲೆಗೂ ಅವರ ತುಪ್ಪ ಹೋಗುತ್ತಿತ್ತು. ಅಂಥವರ ಮನೆಯಲ್ಲಿ ಅವರ ತುಪ್ಪವನ್ನು ವಿಷದ ಹಾಗೆ ಎತ್ತಿಟ್ಟಿದ್ದು ಅವರಿಗೆ ಹೇಗಾಗಿರಬೇಕು ಎಂದು ನಾನು ಈಗ ಯೋಚಿಸುತ್ತೇನೆ. ಆಗ ಅವರು ಅದನ್ನು ಬರೀ ಚುಚ್ಚುಮಾತಿನಲ್ಲಿ ತೋರಿಸುತ್ತಿದ್ದರು.

"ನಾನು ಹುಟ್ಟಿದಾಗಿನಿಂದ ಮಡಿ ಮಾಡಿದವಳು ಮಾರಾಯ್ತಿ. ನಿನ್ನ ಮಡಿ ನನ್ನದಕ್ಕಿಂತ ಜೋರಾಯ್ತು."

"ನನ್ನದು ಮಡಿ ಅಲ್ಲ ಅತ್ತೆ. ಮಗು ಉಳೀಬೇಕಲ್ಲ."

"ತುಪ್ಪ ತಿಂದು ಸತ್ತೋರನ್ನ ನಾನು ಕಂಡಿಲ್ಲಪ್ಪ."

ಹಾಲು, ಬೆಣ್ಣೆ ಇಲ್ಲದ ತಿಂಡಿಗೆ ಈಗ ವೀಗನ್ ಎಂದು ಹೆಸರಿದೆ. ಚಿಕ್ಕಂದಿನ ತಿಂಡಿಗಳನ್ನು ಹಾಗೆ ಮಾಡುವುದು ಹೇಗೆ ಎಂದು ಪರಿಚಯದವರು ನನ್ನನ್ನು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಹೊಗಳುತ್ತಾರೆ. ಅಮ್ಮನಿಗೆ ಬರೆದುಕೊಡುವವರು ಯಾರೂ ಇರಲಿಲ್ಲ. ತಾನು ಹುಡುಗಿಯಾಗಿದ್ದಾಗ ತಿಂದದ್ದನ್ನೆಲ್ಲ ಸುಮಿಯೂ ತಿನ್ನಬೇಕು ಎಂಬ ಒಂದೇ ಹಟದಲ್ಲಿ ಅವಳು ಮಾಡಿ ಮಾಡಿ ಕಲಿತಳು. ಚಕ್ಕುಲಿ ಹಿಟ್ಟಿಗೆ ಬೆಣ್ಣೆಯ ಬದಲು ಕಾದ ಕೊಬ್ಬರಿ ಎಣ್ಣೆ. ಬೇಕರಿಯ ಬೆಣ್ಣೆ ಬಿಸ್ಕತ್ತಿನ ಬದಲು, ಮರಳು ತುಂಬಿದ ಬಾಣಲೆಯ ಮೇಲೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸಿದ ಬಿಸ್ಕತ್ತು. ರವೆ ಉಂಡೆಗೂ ಅದೇ ಎಣ್ಣೆ. ಜನವರಿಯ ಚಳಿಗೆ ನಮ್ಮಲ್ಲಿ ಕೊಬ್ಬರಿ ಎಣ್ಣೆ ತುಪ್ಪದ ಹಾಗೆಯೇ ಹರಳುಗಟ್ಟಿ ಕೂರುತ್ತಿತ್ತು, ಉಂಡೆ ಒಡೆಯುತ್ತಿರಲಿಲ್ಲ. ಪೇಡೆ ಮಾತ್ರ ಅವಳಿಗೆ ಬಹಳ ದಿನ ಒಲಿಯಲಿಲ್ಲ. ಕಾಯಿಹಾಲು ಸಕ್ಕರೆ ಬತ್ತಿಸಿದರೆ ಮೊದಲ ಸಲ ಎಣ್ಣೆ ಬಿಟ್ಟುಕೊಂಡು ಬೇರೆಯಾಯಿತು. ಎರಡನೇ ಸಲ ಅಪ್ಪನ ಹಲ್ಲಿಗೆ ಅಂಟಿ ಅವರು ಮಾತಾಡಲಾರದೆ ಒದ್ದಾಡಿದರು.

"ಪಲ್ಪರಿನ ಬೆಲ್ಟು ಹರಿದಿದೆ ಕಣೇ, ಇದನ್ನ ಒಂಚೂರು ಕೊಡು, ಅಂಟಿಸ್ಕೊಂಡು ಬರ್ತೀನಿ" ಎಂದರು ಬಾಯಿ ಬಿಡಿಸಿಕೊಂಡ ಮೇಲೆ.

ಹುರಿಗಡಲೆ ಹಿಟ್ಟು ಬೆರೆಸಿದಾಗ ಪೇಡೆ ನಿಂತಿತು. ಸುಮಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡಿದ್ದು, ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರಿಗೆಲ್ಲ ಚೂರು ಚೂರು ಹಂಚಿದ್ದು ನನಗೆ ನೆನಪಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ಅಷ್ಟು ಹಗುರಾಗಿದ್ದನ್ನು ಆಮೇಲೆ ನಾನು ಕಂಡಿಲ್ಲ.

ನನಗೆ ಆ ಸಂತೋಷದಲ್ಲಿ ಪಾಲಿರಲಿಲ್ಲ. ಸುಮಿ ತಿನ್ನಲಾರದ್ದನ್ನು ಅವಳೆದುರು ಯಾರೂ ತಿನ್ನಕೂಡದು ಎಂದು ಅಮ್ಮ ನಿಯಮ ಮಾಡಿದ್ದರಿಂದ ನನ್ನ ಶಾಲೆಯ ಡಬ್ಬಿಗೂ ಅದೇ ತಿಂಡಿ ಬರುತ್ತಿತ್ತು. "ತಲೆಗೆ ಹಚ್ಚೋ ಎಣ್ಣೆ ತಿಂತೀಯೇನೇ" ಎಂದು ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಸುಮಿ ಹುಟ್ಟುವ ಮುಂಚೆ ಏಳು ವರ್ಷ ಈ ಮನೆಯ ತುಪ್ಪವೆಲ್ಲ ನನ್ನದಾಗಿತ್ತು. ಅದು ಅಜ್ಜಿಗೆ ಗೊತ್ತಿತ್ತು. ವಾರಕ್ಕೊಂದು ಸಲ ಅಮ್ಮ ಬಟ್ಟೆ ಒಗೆಯಲು ಹೋದಾಗ ನನ್ನನ್ನು ದೇವರ ಕೋಣೆಗೆ ಕರೆದು, ಸೆರಗಿನಡಿಯಿಂದ ತುಪ್ಪದ ರವೆ ಉಂಡೆ ತೆಗೆದು ಬಾಯಿಗೆ ಹಾಕುತ್ತಿದ್ದರು.

"ಬೇಗ ನುಂಗು. ಬಾಯಿ ತೊಳ್ಕೋ. ನಿಮ್ಮಮ್ಮಂಗೆ ಹೇಳಿದ್ರೆ ಇನ್ನು ಇಲ್ಲ ನೋಡು."

ನಾನು ನುಂಗುತ್ತಿದ್ದೆ, ಬಾಯಿ ತೊಳೆಯುತ್ತಿದ್ದೆ, ಹೇಳುತ್ತಿರಲಿಲ್ಲ. ಹೀಗೆ ಆ ಮನೆಯಲ್ಲಿ ನಾನು ಅಜ್ಜಿಯ ಕಡೆಯವಳಾದೆ. ಹೇಳದೆ ಇರುವುದು ನನಗೆ ಅಭ್ಯಾಸವಾದದ್ದು ಅಲ್ಲಿ, ಆ ಚಾಪೆಯ ಮೇಲೆ.

ಸುಮಿಗೆ ಆರು ತುಂಬಿದ ವರ್ಧಂತಿ ಕುಯ್ಲಿನ ನಡುವೆ ಬಂತು. ನನಗೆ ಆಗ ಹದಿಮೂರು. ಅಮ್ಮ ಎರಡು ದಿನ ಕೂತು ಚಕ್ಕುಲಿ, ಬಿಸ್ಕತ್ತು, ರವೆ ಉಂಡೆ, ಪೇಡೆ ಎಲ್ಲ ಮಾಡಿದಳು. ಮಗುವಿನ ಆಯುಸ್ಸಿಗೆ ದೇವರಿಗೆ ತೋರಿಸದೆ ಅದನ್ನು ತಿನ್ನಿಸಬಾರದು ಎಂದು ಅಜ್ಜಿ ಹಟ ಹಿಡಿದರು. ದೇವರ ಹಾಲು ಬೇರೆ ಲೋಟದಲ್ಲಿ, ಸುಮಿಯ ತಿಂಡಿ ಸುಮಿಯ ತಟ್ಟೆಯಲ್ಲೇ ಇರಬೇಕು ಎಂಬ ಕರಾರಿನ ಮೇಲೆ ಅಮ್ಮ ಒಪ್ಪಿದಳು. ತಟ್ಟೆ ಹಿಡಿದುಕೊಂಡು ಹೋದವಳು ನಾನು. ಅಜ್ಜಿ ಮಿಂದು ಒದ್ದೆ ಸೀರೆಯಲ್ಲಿ ಕೂತಿದ್ದರು. ನಾನು ಹಿಡಿದಿದ್ದ ತಟ್ಟೆಯ ಸುತ್ತ ನೀರು ಚಿಮುಕಿಸಿದರು, ತುಳಸಿ ದಳ ಇಟ್ಟರು. ಆಮೇಲೆ ದೇವರ ಗೂಡಿನ ಪುಟ್ಟ ಗಿಂಡಿಯಿಂದ ದೀಪದ ಬಿಸಿಗೆ ಕರಗಿದ್ದ ತುಪ್ಪವನ್ನು ಬೆಳ್ಳಿ ಚಮಚದಲ್ಲಿ ತೆಗೆದು ಉಂಡೆಗಳ ಮೇಲೆ ಒಂದು ತೊಟ್ಟು, ಪೇಡೆಯ ಮೇಲೆ ಒಂದು ತೊಟ್ಟು ಬಿಟ್ಟರು. ಗಿಂಡಿ ಬರಿದಾಗುತ್ತ ಬಂದಿತ್ತು. ತಳದ ಕಂದು ಗಸಿಯೂ ಆ ತೊಟ್ಟಿನ ಜೊತೆಗೇ ಬಿತ್ತು. ನಮ್ಮವರು ಇದಕ್ಕೆ ಅಭಿಘಾರ ಎನ್ನುತ್ತಾರೆ. ಬೆಂದ ಪದಾರ್ಥ ಏನೇ ಇರಲಿ, ತೊಟ್ಟು ತುಪ್ಪ ಬಿದ್ದ ಮೇಲೆಯೇ ಶುದ್ಧ, ಆಮೇಲೆಯೇ ದೇವರಿಗೆ. ಅಜ್ಜಿ ಅದನ್ನು ದಿನಾ ಅನ್ನಕ್ಕೆ ಮಾಡುತ್ತಿದ್ದರು, ನಾನು ದಿನಾ ನೋಡುತ್ತಿದ್ದೆ. ಸುಮಿಯ ಅನ್ನವನ್ನು ಅಮ್ಮ ಮೊದಲೇ ಬೇರೆ ತೆಗೆದಿಡುತ್ತಿದ್ದಳು, ಹಾಗಾಗಿ ಅವಳ ತಿಂಡಿಯ ಮೇಲೆ ಆ ತೊಟ್ಟು ಬಿದ್ದದ್ದು ಅದೇ ಮೊದಲು. ನೀರು ಚಿಮುಕಿಸಿದ ಹಾಗೆ, ಹೂವೇರಿಸಿದ ಹಾಗೆ ಅದೂ ಒಂದು ಕೈಯ ಕೆಲಸ. ನನ್ನ ಕಣ್ಣಿಗೂ ಅದು ತುಪ್ಪವಾಗಿ ಕಾಣಲಿಲ್ಲ. ಸಾವಿರ ಸಲ ಆ ಚಮಚವನ್ನು ಮತ್ತೆ ನೋಡಿದ್ದೇನೆ. ಅದು ಇಳಿಯುತ್ತದೆ, ತೊಟ್ಟು ನಿಲ್ಲುತ್ತದೆ, ಬೀಳುತ್ತದೆ. ತಟ್ಟೆ ನನ್ನ ಕೈಯಲ್ಲೇ ಇದೆ.

ತಟ್ಟೆ ಹೊರಗೆ ಬಂದಾಗ ಅಮ್ಮ ಎಂದಿನಂತೆ ಕೇಳಿದಳು.

"ಅತ್ತೆ, ತುಪ್ಪ ಹಾಕಿಲ್ಲ ತಾನೆ?"

"ನಿನ್ನ ಎಣ್ಣೆ ಉಂಡೆಗೆ ಯಾರು ತುಪ್ಪ ಹಾಕ್ತಾರೆ ಮಾರಾಯ್ತಿ? ತಿನ್ಸು, ತಿನ್ಸು."

ಅಜ್ಜಿ ಸುಳ್ಳು ಹೇಳುತ್ತಿದ್ದೇನೆಂದುಕೊಂಡು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಅವರು ಹಾಕಿರಲಿಲ್ಲ. ಹರಳುಗಟ್ಟಿದ ಎಣ್ಣೆಯ ಉಂಡೆಯ ಮೇಲೆ ಬಿದ್ದು ಹರಳುಗಟ್ಟಿದ ತುಪ್ಪದ ತೊಟ್ಟು ಯಾರಿಗೂ ಕಾಣಿಸುವಂತೆಯೂ ಇರಲಿಲ್ಲ. ಸುಮಿ ಎರಡು ಉಂಡೆ, ಮೂರು ಪೇಡೆ ತಿಂದಳು. ಹೊಸ ಲಂಗದ ಜೇಬಿಗೆ ಚಕ್ಕುಲಿ ತುರುಕಿಕೊಂಡು ಕಣಕ್ಕೆ ಓಡಿದಳು. ಅಪ್ಪ ಅಲ್ಲಿ ಮೂಟೆ ತೂಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಕತ್ತು ಕೆರೆದುಕೊಳ್ಳುತ್ತ ವಾಪಸು ಬಂದಳು. "ಅಕ್ಕಾ, ನಾಲಿಗೆ ದಪ್ಪ ಆಗಿದೆ" ಎಂದಳು. ನಾನು ನಕ್ಕೆ. ಅವಳ ತುಟಿ ನೋಡಿದ ಮೇಲೆ ನಗು ನಿಂತಿತು. ಅವಳು ಹೊಸಿಲ ಮೇಲೆ ವಾಂತಿ ಮಾಡಿಕೊಂಡಳು, ಆಮೇಲೆ ಉಸಿರು ಎಳೆದಾಗಲೆಲ್ಲ ಎದೆಯೊಳಗಿಂದ ಸಣ್ಣ ಸೀಟಿಯಂಥ ಸದ್ದು ಬರತೊಡಗಿತು. ಅಮ್ಮ ಕೂಗಿದ ಕೂಗಿಗೆ ಕಣದ ಕೆಲಸ ನಿಂತಿತು.

ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿದ್ದ ಎಸ್ಟೇಟಿನ ಜೀಪು ಚಿಕ್ಕಮಗಳೂರಿಗೆ ಹೊರಟು ನಿಂತಿತ್ತು. ಅಪ್ಪ ಮೂಟೆ ಇಳಿಸಲು ಓಡಿದರು. ಡ್ರೈವರ್ ಇಸ್ಮಾಯಿಲಣ್ಣ ಅವರ ತೋಳು ಹಿಡಿದು ಎಳೆದ.

"ಇಳ್ಸೋಕೆ ಟೈಮಿಲ್ಲ ರೈಟ್ರೇ. ಮೇಲೆ ಮಲಗ್ಸಿ. ಹತ್ತಿ, ಹತ್ತಿ!"

ಸುಮಿಯನ್ನು ಮೂಟೆಗಳ ಮೇಲೆ ಅಮ್ಮನ ತೊಡೆಗೆ ಒರಗಿಸಿದರು. ಅವಳ ಕಾಲು ಹಿಡಿದುಕೊಳ್ಳಲು ನಾನು ಹತ್ತಿದೆ. ರಸ್ತೆಯ ಒಂದೊಂದು ತಿರುವಿಗೂ ಮೂಟೆಗಳು ಜಾರುತ್ತಿದ್ದವು, ನಾವು ಮೂವರೂ ಒಂದೇ ಕಡೆಗೆ ಜಾರುತ್ತಿದ್ದೆವು. "ಉಸಿರು ನೋಡ್ತಾ ಇರು, ನಿಂತ್ರೆ ಹೇಳು" ಎಂದಳು ಅಮ್ಮ. ಆ ಸೀಟಿ ಸದ್ದು ಇದ್ದಷ್ಟು ಹೊತ್ತು ಉಸಿರಿದೆ ಎಂದು ನಾನು ತಿಳಿದುಕೊಂಡೆ. ಇಂಜಿನ್ನಿನ ಸದ್ದಿಗೆ ಅದು ಕೇಳಿಸದಾದಾಗ ಅವಳ ಬಾಯಿಗೆ ಕಿವಿ ಹಚ್ಚಿದೆ. ಬಾಯಿಂದ ಪೇಡೆಯ ವಾಸನೆ ಬರುತ್ತಿತ್ತು. ಎಲ್ಲೋ ಒಂದು ಇಳಿಜಾರಿನಲ್ಲಿ ಆ ಸದ್ದು ನಿಂತೇಹೋಯಿತು. ನಾನು ಹೇಳಲಿಲ್ಲ. ಆಮೇಲೆ ಅವಳ ಎದೆ ಒಮ್ಮೆ ಜೋರಾಗಿ ಮೇಲೆದ್ದು ಇಳಿಯಿತು. ನಡುವೆ ಎಷ್ಟು ಹೊತ್ತು ಕಳೆಯಿತೋ ನನಗೆ ಗೊತ್ತಿಲ್ಲ. ಇವತ್ತಿಗೂ ಯಾವುದಾದರೂ ಗಾಡಿ ಇಳಿಜಾರಿನಲ್ಲಿ ಗೇರು ಬದಲಿಸಿದರೆ ನಾನು ಉಸಿರು ಹಿಡಿದು ಆ ಎದೆ ಏಳುವುದನ್ನು ಕಾಯುತ್ತೇನೆ.

ಆಸ್ಪತ್ರೆಯಲ್ಲಿ ಚುಚ್ಚಿದ ಇಂಜೆಕ್ಷನ್ನಿಗೆ ಅವಳು ಉಳಿದಳು. ಮುಖಕ್ಕೆ ಬಣ್ಣ ಬಂದು ಸುಮಿ ಅಳತೊಡಗಿದಾಗ ಅಮ್ಮ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರು ಆಗ ಕೇಳಿದರು.

"ಏನು ತಿಂದಿದ್ಲಮ್ಮ?"

"ಹಾಲಿಂದು ಎಂತದೂ ಇಲ್ಲ ಡಾಕ್ಟ್ರೇ. ನಾನೇ ಮಾಡಿದ್ದು. ರವೆ, ಸಕ್ಕರೆ, ಹುರಿಗಡಲೆ, ಕೊಬ್ಬರಿ ಎಣ್ಣೆ, ಕಾಯಿಹಾಲು."

"ತುಪ್ಪ, ಬೆಣ್ಣೆ ಎಲ್ಲಾದ್ರೂ ತಾಗಿರಬಹುದಾ?"

"ಇಲ್ಲ. ಕೇಳೇ ತಿನ್ಸಿದ್ದು."

ತಾಗಿರಬಹುದಾ ಎಂದು ಅವರು ಕೇಳಿದ ಆ ಕ್ಷಣ ನನಗೆ ಬೆಳ್ಳಿ ಚಮಚ ಕಂಡಿತು. ಅದು ತುಪ್ಪ ಎಂದು ನನಗೆ ಗೊತ್ತಾದದ್ದು ಆಗಲೇ, ಅಮ್ಮನ ಬೆನ್ನ ಹಿಂದೆ, ಆ ಆಸ್ಪತ್ರೆಯ ಹಸಿರು ಗೋಡೆಗೆ ಒರಗಿ ನಿಂತಿದ್ದಾಗ. ಹೇಳಿದರೆ ಅಮ್ಮ ಅಜ್ಜಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಹೊಳೆಯಿತು. ತಟ್ಟೆ ಹಿಡಿದದ್ದು ಯಾರು ಎಂದು ಕೇಳುತ್ತಾರೆ ಎಂದೂ ಹೊಳೆಯಿತು. ಡಾಕ್ಟರು ಸ್ವಲ್ಪ ಯೋಚಿಸಿದರು.

"ಕೆಲವರಿಗೆ ಕಾಯಿನೂ ಆಗಲ್ಲ. ಇವತ್ತು ಜಾಸ್ತಿ ತಿಂದಿದಾಳೆ. ನಿಲ್ಲಿಸಿಬಿಡಿ, ಕಾಯಿ, ಕೊಬ್ಬರಿ, ಎಣ್ಣೆ, ಯಾವುದೂ ಬೇಡ."

ಅಮ್ಮ ತನ್ನ ಎರಡು ಕೈಗಳನ್ನೂ ಒಮ್ಮೆ ತಿರುಗಿಸಿ ನೋಡಿಕೊಂಡಳು. "ನಾನೇ ಮಾಡಿದ್ದು" ಎಂದಳು ಮತ್ತೆ, ಈ ಸಲ ಬೇರೆ ದನಿಯಲ್ಲಿ.

ಮನೆಗೆ ಬಂದ ಮರುದಿನ ದೇವರ ಕೋಣೆಯಲ್ಲಿ ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಬತ್ತಿ ಹೊಸೆಯುತ್ತಿದ್ದರು.

"ಅಜ್ಜಿ, ನೀವು ಅಭಿಘಾರ ಮಾಡಿದ್ರಲ್ಲ."

"ಅದು ತುಪ್ಪ ಹಾಕಿದ್ದಾ? ಅದು ದೇವರಿಗೆ ಬಿಟ್ಟಿದ್ದು ಕಣೇ."

"ಆದ್ರೂ ತುಪ್ಪಾನೇ ಅಲ್ವಾ ಅಜ್ಜಿ?"

ಅವರ ಬೆರಳು ನಿಂತಿತು. ಬಾಗಿಲ ಕಡೆ ನೋಡಿ, "ಈ ವಯಸ್ಸಲ್ಲಿ ನಾನು ಎಲ್ಲಿಗೆ ಹೋಗ್ಲಿ?" ಎಂದರು. ಅಷ್ಟೇ. ಮಾರನೆಯ ದಿನದಿಂದ ಅವರು ಅಭಿಘಾರ ಬಿಟ್ಟರು. ಅನ್ನದ ಮೇಲೆ ಬರೀ ತುಳಸಿ ಇಟ್ಟು ಕೈಮುಗಿಯತೊಡಗಿದರು. ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ನನಗೆ ತುಪ್ಪದ ಉಂಡೆಯೂ ಆಮೇಲೆ ಸಿಗಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಮನೆಯಿಂದ ತೆಂಗಿನಕಾಯಿ ಹೊರಟುಹೋಯಿತು. ಕಾಯಿ ಇಲ್ಲದ ಸಾರು, ಕಾಯಿ ಇಲ್ಲದ ಪಲ್ಯ, ದೇವರಿಗೆ ಒಡೆದ ಕಾಯಿಯನ್ನೂ ಅಮ್ಮ ಆಳುಗಳ ಲೈನುಮನೆಗಳಿಗೆ ಕಳಿಸುತ್ತಿದ್ದಳು. ತಿಂಡಿ ಮಾಡುವುದನ್ನು ಪೂರ್ತಿ ಬಿಟ್ಟಳು. ಸುಮಿಗೆ ಮಂಡಕ್ಕಿ, ಬೆಲ್ಲ, ಸುಟ್ಟ ಗೆಣಸು. "ಅಮ್ಮ, ಪೇಡೆ" ಎಂದು ಅವಳು ಮೊದಲು ಮೊದಲು ಅತ್ತಳು, ಆಮೇಲೆ ಕೇಳುವುದನ್ನೇ ಮರೆತಳು. ಯಾವುದಾದರೂ ಹೊಸದನ್ನು ಅವಳ ತಟ್ಟೆಗೆ ಬಡಿಸಬೇಕಾದರೆ ಅಮ್ಮ ಸೌಟನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಒಂದು ಮಾತಿನಿಂದ ನಾನು ಅದನ್ನೆಲ್ಲ ನಿಲ್ಲಿಸಬಹುದಿತ್ತು. ಅಜ್ಜಿ ಇರುವತನಕ ಬೇಡ ಎಂದುಕೊಂಡೆ. ನಾನು ಚಿಕ್ಕಮಗಳೂರಿನ ಕಾಲೇಜಿಗೆ ಸೇರಿದ ವರ್ಷ ಅಜ್ಜಿ ತೀರಿಕೊಂಡರು. ಆಮೇಲೂ ನಾನು ಹೇಳಲಿಲ್ಲ. ಬಿಎಸ್ಸಿ ತರಗತಿಯಲ್ಲಿ ಹಾಲಿನ ಪ್ರೋಟೀನು, ಅದು ಕೆಲವರ ಮೈಯಲ್ಲಿ ಮಾಡುವ ಅನಾಹುತ ಎಲ್ಲವನ್ನೂ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಒಳ್ಳೆಯ ಅಂಕ ಬಂತು. ಊರಿಗೆ ಬಂದು ಕಾಯಿ ಇಲ್ಲದ ಸಾರು ಉಂಡು ಹೋದೆ. ಆಗ ಅಡ್ಡ ಬರುವ ಅಜ್ಜಿಯೂ ಇರಲಿಲ್ಲ.

ಸುಮಿ ಪಿಯುಸಿಗೆಂದು ಚಿಕ್ಕಮಗಳೂರಿನ ಹಾಸ್ಟೆಲಿಗೆ ಸೇರಿ ಒಂದು ವರ್ಷವಾಗಿತ್ತು. ರಜೆಗೆ ಬಂದವಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನಗುತ್ತ ಹೇಳಿದಳು.

"ಅಮ್ಮಾ, ಬೈಯಲ್ಲ ಅಂದ್ರೆ ಒಂದು ಹೇಳ್ತೀನಿ. ಹಾಸ್ಟೆಲಲ್ಲಿ ದಿನಾ ಕಾಯಿ ಚಟ್ನಿ ತಿಂತಿದೀನಿ. ವರ್ಷ ಆಯ್ತು. ಎಂತದೂ ಆಗಿಲ್ಲ."

ಅಪ್ಪನ ಕೈ ತುತ್ತಿನ ಜೊತೆ ಅರ್ಧಕ್ಕೆ ನಿಂತಿತು. ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು.

"ಹಾಗಾದ್ರೆ ಅವತ್ತು ಎಂತ ಆಯ್ತು?"

ಯಾರನ್ನೂ ಕೇಳಿದ್ದಲ್ಲ, ತನ್ನನ್ನೇ ಕೇಳಿಕೊಂಡದ್ದು. ನಾನು ಹೇಳಿದೆ. ಚಮಚ, ಗಿಂಡಿ, ತೊಟ್ಟು, ನಾನು ಹಿಡಿದ ತಟ್ಟೆ. ಎಂಜಲು ಕೈ ಒಣಗುವತನಕ ಯಾರೂ ಏಳಲಿಲ್ಲ. ಅಜ್ಜಿಯ ಮೇಲೆ ಕೋಪ ಬರುತ್ತದೆ ಎಂದು ಕಾದೆ. ಅಮ್ಮ ಕೇಳಿದ್ದು ಬೇರೆ.

"ನಿಂಗೆ ಯಾವಾಗಿಂದ ಗೊತ್ತು?"

"ಆಸ್ಪತ್ರೇಲೇ ಗೊತ್ತಾಯ್ತು."

"ಹತ್ತು ವರ್ಷ ನನ್ನ ಕೈ ನೋಡಿದ್ರೆ ನಂಗೇ ಹೇಸಿಗೆ ಆಗ್ತಿತ್ತು. ನೀನು ಎದುರಿಗೇ ಕೂತು ಉಣ್ತಿದ್ದೆ."

"ಅಜ್ಜಿನ ಕಳಿಸ್ಬಿಡ್ತೀಯ ಅಂತ..."

"ಅವರು ಹೋಗಿ ಐದು ವರ್ಷ ಆಯ್ತಲ್ಲ."

ಸುಮಿ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳಿದಳು.

"ಅಕ್ಕಾ, ನಾನು ಅವತ್ತು ಸತ್ತಿದ್ರೆ ಹೇಳ್ತಿದ್ಯಾ?"

ಹೇಳುತ್ತಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮರುದಿನ ಅಮ್ಮ ಅಪ್ಪನನ್ನು ಮಲ್ಲಂದೂರಿನ ಅಂಗಡಿಗೆ ಕಳಿಸಿ ನಾಲ್ಕು ತೆಂಗಿನಕಾಯಿ ತರಿಸಿದಳು. ತುರಿದುಕೊಡಲೆಂದು ನಾನು ಕೈ ತೊಳೆದು ಅಡುಗೆಮನೆಯ ಹೊಸಿಲು ದಾಟಿದೆ.

"ನೀನು ಹೊರಗೆ ಕೂತ್ಕೋ" ಎಂದಳು ಅಮ್ಮ, ಜಗಳವಿಲ್ಲದ ದನಿಯಲ್ಲಿ. ನಾನು ಹೊರಗೆ ಬಂದ ಮೇಲೆ ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಆ ಬಾಗಿಲಿಗೆ ಚಿಲಕ ಇತ್ತೆಂಬುದೇ ನನಗೆ ಅಲ್ಲಿಯವರೆಗೆ ನೆನಪಿರಲಿಲ್ಲ. ಸುಮಿ, ನಾನು ಗೋಡೆಗೆ ಒರಗಿ ಕೂತೆವು. ತುರಿಯುವ ಸದ್ದು, ರುಬ್ಬುವ ಸದ್ದು, ಬಾಣಲೆಗೆ ಸೌಟು ತಾಗುವ ಸದ್ದು ಬಹಳ ಹೊತ್ತು ಕೇಳಿಸಿತು. ಕಾಯಿಹಾಲು ಬತ್ತುವ ವಾಸನೆ ಬಾಗಿಲ ಸಂದಿಯಿಂದ ಬಂದಾಗ ನಾನು ಸುಮಿಯ ಉಸಿರಿಗೆ ಕಿವಿಗೊಟ್ಟೆ. ಅಪ್ಪ ಒಮ್ಮೆ ಬಂದು ಬಾಗಿಲು ನೋಡಿದರು, ನನ್ನನ್ನು ನೋಡಿದರು, ಕಣಕ್ಕೆ ಹೋದರು.

ಚಿಲಕ ತೆಗೆದಾಗ ಅಮ್ಮ ಬೆವತಿದ್ದಳು. ಪೇಡೆಯ ತಟ್ಟೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಹಿಡಿದು ಸುಮಿಯ ಎದುರು ಕೂತಳು. ಸುಮಿ ಒಂದು ತಿಂದಳು, ಇನ್ನೊಂದು ಕೇಳಿದಳು. ನನಗೂ ಒಂದು ಸಿಕ್ಕಿತು. ಚೆನ್ನಾಗಿತ್ತು. ಸುಮಿ ತಿನ್ನುವಷ್ಟು ಹೊತ್ತೂ ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಅಮ್ಮ ನನ್ನ ಕೈಗಳನ್ನು ನೋಡುತ್ತಿದ್ದಳು.